ಹೂಂ ಅನ್ನದ ದೋಸೆ ಯಂತ್ರ

"ಇವತ್ತಿಂದ ನಿಮ್ಮಕ್ಕ ಸೌಟು ಮುಟ್ಟಂಗಿಲ್ಲ," ಎಂದು ನಮ್ಮ ಭಾವ ಕೊಟ್ರೇಶಪ್ಪ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೋಟೆಲಿನ ನಡುವೆ ನಿಂತು ಘೋಷಿಸಿದರು.

ದಾವಣಗೆರೆಯ ಹಳೇ ಪೇಟೆಯಲ್ಲಿ ಆರು ಟೇಬಲ್ಲಿನ ಹೋಟೆಲು ನಮ್ಮದು. ಮೂವತ್ತು ವರ್ಷ ಬೆಣ್ಣೆ ದೋಸೆ ಹುಯ್ದು ಹುಯ್ದು ನೀಲಕ್ಕನ ಬಲಭುಜ ಹಿಡಿದುಕೊಂಡಿತ್ತು. ಇನ್ನು ಆರು ತಿಂಗಳು ಹೀಗೇ ನಡೆದರೆ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಅದನ್ನು ಕೇಳಿ ನಕ್ಕಳು. ಭಾವ ನಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮನುಷ್ಯ, ಡಾಕ್ಟರ ಮಾತು ಕೇಳಿದ ದಿನವೇ ದೋಸೆ ಯಂತ್ರ ಕಟ್ಟಲು ಹಿತ್ತಲ ಕೋಣೆ ಸೇರಿದವರು ಊಟಕ್ಕೆ ಮಾತ್ರ ಹೊರಗೆ ಬರುತ್ತಿದ್ದರು.

ಯಂತ್ರವೇನೋ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಮೂರು ಹೆಂಚು, ಅವುಗಳ ಮೇಲೆ ಆನೆಯ ಸೊಂಡಿಲಿನಂಥ ಕೈ. ಹಿಟ್ಟಿನ ವಾಸನೆ ನೋಡಿ ಹುಳಿ ಬಂದಿದೆಯೋ ಇಲ್ಲವೋ ಹೇಳುವಷ್ಟು ಬುದ್ಧಿ. ಬೆಂದ ದೋಸೆಯನ್ನು ಟೇಬಲ್ಲಿಗೆ ಸಾಗಿಸಲು ಉದ್ದನೆಯ ಪಟ್ಟಿ, ಅದಕ್ಕೆ ತಟ್ಟೆ ಹಿಡಿಯುವ ಕೊಕ್ಕೆಗಳು. ಒಳಗಿನ ಈ ಯಂತ್ರದ ಪ್ರೋಗ್ರಾಂ ಭಾವನದು. ಟೇಬಲ್ಲುಗಳ ಮೇಲೆ ಆರ್ಡರ್ ತೆಗೆದುಕೊಳ್ಳುವ ಪುಟ್ಟ ಪರದೆಗಳಿದ್ದವು. ಅವುಗಳ ಪ್ರೋಗ್ರಾಂ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅವರ ಮಗಳು ಸಿಂಚನಳದು. ಇಬ್ಬರೂ ತಮ್ಮ ತಮ್ಮ ಪದ್ಧತಿಯಲ್ಲಿ ಬರೆದಿದ್ದರು. ಎರಡನ್ನೂ ಜೋಡಿಸಿದ್ದು ಮಾತ್ರ ಭಾವ ಒಬ್ಬರೇ, ಶನಿವಾರ ಮಧ್ಯಾಹ್ನ.

"ಅಪ್ಪಾಜಿ, ಜೋಡಿಸಿದ್ಮೇಲೆ ಒಂದ್ಸಲ ನಾನೂ ನೋಡ್ತೀನಿ ಅಂದಿದ್ದೆ," ಎಂದಳು ಸಿಂಚನ.

"ಎಷ್ಟು ಊರುಗಳನ್ನ ಒಂದಕ್ಕೊಂದು ಜೋಡಿಸಿದೋನು ನಾನು. ಅಡುಗೆಮನೆಗೂ ಟೇಬಲ್‌ಗೂ ಹತ್ತು ಹೆಜ್ಜೆ. ಇದೇನು ಮಹಾ?"

ಮೊದಲ ಗಿರಾಕಿ ಹಾಲಪ್ಪ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು, ದಿನಾ ಮೂರನೇ ಟೇಬಲ್ಲಿಗೆ ಬಂದು ಒಂದು ದೋಸೆ ತಿಂದು ಒಂದು ಗಂಟೆ ಮಾತಾಡುವವರು. ಪರದೆಯ ಮೇಲೆ 'ಬೆಣ್ಣೆ ದೋಸೆ, ಒಂದು' ಎಂದು ಒತ್ತಿದರು. ಮರುಕ್ಷಣವೇ ಅದು, "ದೋಸೆ ತಲುಪಿದೆ. ರುಚಿ ಹೇಗಿತ್ತು?" ಎಂದು ಕೇಳಿತು.

ಮೇಷ್ಟ್ರು ಟೇಬಲ್ಲಿನ ಮೇಲೆ, ಕೆಳಗೆ, ಕೊನೆಗೆ ತಮ್ಮ ಹೊಟ್ಟೆಯ ಮೇಲೂ ಕೈಯಾಡಿಸಿ ನೋಡಿದರು. "ಕೊಟ್ರೇಶಿ, ನಾನು ತಿಂದಾಯ್ತು ಅಂತೈತಲ್ಲೋ ಇದು."

"ನಿನ್ನ ಪರದೆಗೆ ಭಾಳ ಅವಸರ," ಎಂದು ಭಾವ ಮಗಳನ್ನು ನೋಡಿದರು. ತಾವೇ ಕೂತು, ಒಳಗಿನಿಂದ ದೋಸೆ ಹೊರಟ ಸುದ್ದಿ ಬಂದ ಮೇಲೆಯೇ ಪರದೆ ಬಾಯಿ ಬಿಡಬೇಕು ಎಂದು ತಿದ್ದಿ, ಹಳೇ ಆರ್ಡರನ್ನು ಅಳಿಸಿದರು. ಮೇಷ್ಟ್ರು ಇನ್ನೊಮ್ಮೆ ಒತ್ತಿದರು.

ನಾಲ್ಕು ನಿಮಿಷಕ್ಕೆ ಮೊದಲ ದೋಸೆ ಬಂತು. ಹೊಂಬಣ್ಣ, ಮೇಲೆ ಕರಗುವ ಬೆಣ್ಣೆ. ನನಗೇ ಚಪ್ಪಾಳೆ ತಟ್ಟುವ ಆಸೆಯಾಯಿತು. ಅದರ ಹಿಂದೆ ಎರಡನೆಯದು ಬಂತು, ಮೂರನೆಯದು ಬಂತು. ಹನ್ನೆರಡನೆಯದು ಬರುವಾಗ ಮೇಷ್ಟ್ರ ಮುಖ ದೋಸೆಗಳ ಹಿಂದೆ ಮುಳುಗಿ ಬರೀ ಟೋಪಿ ಕಾಣುತ್ತಿತ್ತು.

ಸಿಂಚನ ಒಳಗೆ ಓಡಿ ಯಂತ್ರದ ಆರ್ಡರ್ ಲಿಸ್ಟ್ ನೋಡಿ ಬಂದಳು. "ಅಪ್ಪಾಜಿ, ಮೂರನೇ ಟೇಬಲ್ಲಿಂದ ಎಂಬತ್ತು ದೋಸೆಗೆ ಆರ್ಡರ್ ಬಂದೈತೆ!"

"ನಾನು ತಿದ್ದಿದ್ಮೇಲೆ ಮೇಷ್ಟ್ರು ಒತ್ತಿದ್ದು ಒಂದೇ ಸಲ ಅಲ್ಲೇನೇ?"

"ಮೂರು ಸೆಕೆಂಡಲ್ಲಿ ಉತ್ತರ ಬರದಿದ್ರೆ ನನ್ನ ಪರದೆ ಮತ್ತೆ ಕೇಳ್ತೈತೆ. ನಿಮ್ಮ ಯಂತ್ರ ದೋಸೆ ಬೇಯೋವರೆಗೂ ಮಾತೇ ಆಡಲ್ಲ. ಕೇಳಿದಾಗೆಲ್ಲ ಹೊಸ ದೋಸೆ ಅಂತ ಬರ್ಕೊಂಡೈತೆ."

"ಒಂದ್ಸಲ ಕೇಳಿದ್ಮೇಲೆ ಸುಮ್ಮನೆ ಕೂರೋದು ಮರ್ಯಾದೆ."

"ಕೇಳಿದ್ದಕ್ಕೆ ಉತ್ತರ ಕೊಡೋದೂ ಮರ್ಯಾದೇನೇ."

ಅಷ್ಟರಲ್ಲಿ ಉಳಿದ ಟೇಬಲ್ಲುಗಳಿಗೂ ಜನ ಬಂದು ಕೂತು ಒತ್ತಿದ್ದರು. ನಾನು ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಮೇನ್ ಸ್ವಿಚ್ ಇಳಿಸಿದೆ. ಫ್ಯಾನು ನಿಂತಿತು, ದೀಪ ಆರಿತು, ಯಂತ್ರ ಮಾತ್ರ ನಿಲ್ಲಲಿಲ್ಲ. ಕರೆಂಟು ಹೋದರೂ ಅಕ್ಕನಿಗೆ ತೊಂದರೆಯಾಗಬಾರದೆಂದು ಭಾವ ಅದಕ್ಕೆ ಐದು ಗಂಟೆ ಬರುವ ಬ್ಯಾಟರಿ ಕೂರಿಸಿದ್ದರಂತೆ. ಪರದೆಗಳಿಗೂ ಸೇರಿಸಿ!

ಸಿಂಚನ 'ರದ್ದು' ಒತ್ತಿದಳು. ಅದಕ್ಕೂ ಉತ್ತರ ಬರಲಿಲ್ಲ. ಪರದೆ ಅದನ್ನೂ ಮೂರು ಸೆಕೆಂಡಿಗೊಮ್ಮೆ ಕೇಳತೊಡಗಿತು. ಪ್ರತಿ ಸಲಕ್ಕೂ ಒಂದು ತಟ್ಟೆ ವಾಪಸ್ ಎಂದು ಯಂತ್ರ ತಿಳಿಯಿತು, ಪಟ್ಟಿ ಹಿಂದಕ್ಕೆ ತಿರುಗಿತು. ಅದರ ಕೊಕ್ಕೆಗಳು ಎಲ್ಲ ಟೇಬಲ್ಲಿನ ತಟ್ಟೆಗಳನ್ನೂ ಹಿಡಿದು ಒಳಕ್ಕೆಳೆಯಲಾರಂಭಿಸಿದವು. ಐದನೇ ಟೇಬಲ್ಲಿನ ಒಬ್ಬರು ತಟ್ಟೆ ಬಿಡದೆ, ಅರ್ಧ ತಿಂದ ದೋಸೆಯ ಜೊತೆ ಅಡುಗೆಮನೆಯ ಬಾಗಿಲವರೆಗೂ ಹೋಗಿ ಬಂದರು. ಎದುರಿನ ಹಾಸ್ಟೆಲ್ಲಿನ ಹುಡುಗಿಯರು ಸುದ್ದಿ ತಿಳಿದು, ಹೆಚ್ಚಾದ ದೋಸೆಗೆಂದು ಬಕೆಟ್ಟು ಹಿಡಿದು ಸಾಲಾಗಿ ನಿಂತರು.

ಹಿಟ್ಟು ಮುಗಿದ ಮೇಲೆಯೇ ಸೊಂಡಿಲು ನಿಂತದ್ದು. ಭಾವ ಖಾಲಿ ಪಾತ್ರೆಯ ಪಕ್ಕ ಕುಸಿದು ಕೂತರು. "ಸೋಮವಾರದಿಂದ ಮತ್ತೆ ನೀನೇ ಹುಯ್ಯಬೇಕೇನೋ, ನೀಲಾ," ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಕ್ಕ ಎಡಗೈಯಲ್ಲಿ ಅವರ ಕೆನ್ನೆಯ ಹಿಟ್ಟು ಒರೆಸಿದಳು. "ನಾನು ಒಲೆ ಮುಂದೆ ನಿಂತಾಗ ಸಪ್ಲೈಯರು 'ಮೂರಕ್ಕೆ ಒಂದು ಬೆಣ್ಣೆ' ಅಂತ ಕೂಗ್ತಾನೆ. ನಾನೇನಂತೀನಿ?"

"ಹೂಂ ಅಂತೀಯ."

"ದೋಸೆ ಆಮೇಲೆ ಬರ್ತೈತೆ, ಹೂಂ ಮೊದಲು ಬರ್ತೈತೆ. ಹೂಂ ಅನ್ನದಿದ್ರೆ ಅವನೂ ಎಂಬತ್ತು ಸಲ ಕೂಗ್ತಾನೆ. ಕೇಳಿಸ್ಲಿಲ್ಲ ಅಂತ ಎರಡನೇ ಸಲ ಕೂಗಿದ್ರೂ, ಮೂರರ ಅದೇ ದೋಸೆ ಅಂತ ನನಗೆ ಗೊತ್ತಿರ್ತೈತೆ. ನಿಮ್ಮ ಯಂತ್ರಕ್ಕೆ ಅಷ್ಟು ಕಲಿಸೋಕಾಗಲ್ವಾ?"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಆ ಮಧ್ಯಾಹ್ನ ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಜಗಳಾಡುತ್ತಲೇ ಬರೆದರು. ಪ್ರತಿ ಆರ್ಡರಿಗೂ ಒಂದು ನಂಬರು, ಬಂದ ಕೂಡಲೇ ಒಂದು ಹೂಂ. ಆ ಹೂಂ ಅನ್ನು ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿದರು. ಒತ್ತುವ ಬದಲು ಬಾಯಲ್ಲಿ ಹೇಳಿದರೂ ಪರದೆ ಕೇಳಿಸಿಕೊಳ್ಳುವಂತೆ ಮಾಡಿದರು.

ಮೂರು ದಿನದ ಪರೀಕ್ಷೆಯ ನಂತರ, ಆ ಗುರುವಾರದಿಂದ ಯಂತ್ರ ತಪ್ಪಿಲ್ಲದೆ ನಡೆಯುತ್ತಿದೆ. ಅಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಸೊಂಡಿಲಿಗೆ ಬೈಯುತ್ತಾಳೆ. ಭುಜ ಸಡಿಲವಾಗುತ್ತಿದೆ ಎನ್ನುತ್ತಾರೆ ಡಾಕ್ಟರು.

ಒಂದೇ ಒಂದು ದೋಷ ಉಳಿದಿದೆ. ಪರದೆ ಯಾವ ಮಾತು ಕೇಳಿದರೂ, ಆರ್ಡರಲ್ಲದಿದ್ದರೂ, ಹೂಂ ಅನ್ನುತ್ತದೆ. ಹಾಲಪ್ಪ ಮೇಷ್ಟ್ರು ಈಗ ತಮ್ಮ ಸರ್ವಿಸಿನ ಕತೆಯನ್ನೆಲ್ಲ ಅದಕ್ಕೇ ಹೇಳುತ್ತಾರೆ. ಅದು ಬೇಸರವಿಲ್ಲದೆ ಮೂರು ಗಂಟೆ ಹೂಂಗುಟ್ಟುತ್ತದೆ.

ನಿನ್ನೆ ಮೇಷ್ಟ್ರ ಹೆಂಡತಿ ಬಂದಿದ್ದರು. ತಮ್ಮ ಮನೆಗೂ ಅಂಥದೊಂದು ಬೇಕಂತೆ. ದೋಸೆ ಹುಯ್ಯುವ ಭಾಗ ಇಲ್ಲದಿದ್ದರೂ ನಡೆಯುತ್ತದಂತೆ.