ಗುಮಾಸ್ತನ ಬೆರಳು ಕೊಯ್ದ ಗರಗಸಕ್ಕೆ

ಮಾನ್ಯ ಗರಗಸದವರೇ,

ಹಗಲೆಲ್ಲ ಗರ್ಜಿಸಿ, ಸಂಜೆ ಮರದ ಹೊಟ್ಟಿನ ಗುಡ್ಡೆಯ ನಡುವೆ ವಿರಮಿಸುವ ತಮ್ಮ ಸನ್ನಿಧಿಗೆ, ತಮ್ಮೆದುರೇ ಹನ್ನೊಂದು ವರ್ಷ ನಿಂತು ಮರ ಕೊಯ್ದ ಈ ದಾಸನ ಅನಂತ ನಮಸ್ಕಾರಗಳು. ಕೈ ಮುಗಿಯೋಣವೆಂದರೆ ಎರಡು ಬೆರಳು ಕಡಿಮೆ ಬೀಳುತ್ತವೆ, ಮನ್ನಿಸಬೇಕು.

ತಮ್ಮಿಂದೊಂದು ಅಚಾತುರ್ಯ ನಡೆದಿದೆ. ತಾವು ತೆಗೆದುಕೊಂಡ ಬೆರಳುಗಳು ಮರ ಕೊಯ್ಯುವವನವಲ್ಲ, ಕಚೇರಿ ಗುಮಾಸ್ತನವು. ವಿಮೆಯ ಕಾಗದದಲ್ಲಿ ನಾನು ಗುಮಾಸ್ತನಂತೆ. ನನಗೂ ಇದು ಆಸ್ಪತ್ರೆಯ ಮಂಚದ ಮೇಲೆಯೇ ಗೊತ್ತಾದದ್ದು.

ನಮ್ಮ ಧಣಿಗಳ ಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಸಂಬಳದ ಮೇಲೆ ಅವರು ಕಟ್ಟಬೇಕಾದ ತೆರಿಗೆ ಬಲು ಮೊಂಡು: ಮರ ಕೊಯ್ಯುವವನಾಗಲಿ, ಲೆಕ್ಕ ಬರೆಯುವವನಾಗಲಿ, ನೂರಕ್ಕೆ ಇಷ್ಟೆಂದು ಕಕ್ಕಿಸಿಯೇ ತೀರುತ್ತದೆ. ವಿಮೆಯ ಕಂತು ಹಾಗಲ್ಲ, ಅದು ಕೆಲಸದ ಅಪಾಯ ನೋಡಿ ಏರುತ್ತದೆ. ಕುರ್ಚಿಯಲ್ಲಿ ಕೂರುವವನಿಗೆ ಚಿಲ್ಲರೆ ಕಾಸು ಸಾಕು, ತಮ್ಮೆದುರು ನಿಲ್ಲುವವನಿಗೆ ಗಂಟೇ ಬಿಚ್ಚಬೇಕು. ಕಾನೂನು ಚಾಪೆಯ ಕೆಳಗೆ ತೂರಿದರೆ ಧಣಿಗಳು ರಂಗೋಲಿಯ ಕೆಳಗೆ ತೂರಿದರು. ಸಂಬಳವನ್ನು ಮುಟ್ಟಲಿಲ್ಲ, ಕಾಗದದಲ್ಲಿ ಹುದ್ದೆ ಬದಲಿಸಿದರು. ಒಂದೇ ದಿನದಲ್ಲಿ ಸಾಮಿಲ್ಲಿನ ತುಂಬ ಗುಮಾಸ್ತರು. ಭೇಷ್!

ವಿಮೆಯವರು ಆಸ್ಪತ್ರೆಗೆ ಬಂದು, "ಗುಮಾಸ್ತನಿಗೆ ಗರಗಸದ ಹತ್ರ ಏನ್ರೀ ಕೆಲ್ಸ?" ಎಂದು ಕೇಳಿ, ಬಿಡಿಗಾಸೂ ಕೊಡದೆ ಎದ್ದುಹೋದರು. ಧಣಿಗಳು, "ಇವನದ್ದು ಯಾವಾಗ್ಲೂ ಅಧಿಕಪ್ರಸಂಗ ಸ್ವಾಮಿ" ಎಂದು ನೊಂದುಕೊಂಡರು. ಹನ್ನೊಂದು ವರ್ಷದ ಅಧಿಕಪ್ರಸಂಗಕ್ಕೆ ತಪ್ಪದೆ ಸಂಬಳ ಕೊಟ್ಟ ಪುಣ್ಯಾತ್ಮರು! ನನ್ನವಳು ಮಾತ್ರ ಬಾಗಿಲಲ್ಲೇ ನಿಂತು, "ಇವ್ರ ಮನೆ ಹಾಳಾಗ" ಎಂದಳು. ಅವಳಿಗೆ ಕಚೇರಿಯ ಭಾಷೆ ಬಾರದು. ನನಗೆ ಬರುತ್ತದೆ, ಆದರೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಇನ್ನು ಮುಂದೆ ಯಾರ ಕೈ ಹತ್ತಿರ ಬಂದರೂ ತಾವು ಮೊದಲು ಹುದ್ದೆ ವಿಚಾರಿಸಿ, ಗುಮಾಸ್ತನೆಂದು ತಿಳಿದೊಡನೆ ಹಲ್ಲುಗಳನ್ನು ಒಳಗೆಳೆದುಕೊಂಡು, ಕೂರಲೊಂದು ಕುರ್ಚಿ ಕೊಡಬೇಕು. ಸಾಧ್ಯವಾದರೆ ನನ್ನ ಬೆರಳುಗಳನ್ನೂ ಮರಳಿಸಬೇಕು. ಗುಮಾಸ್ತನಾದವನಿಗೆ ಪೆನ್ನು ಹಿಡಿಯಲು ಅವು ಬೇಕಾಗುತ್ತವೆ.

ಎಡಗೈಯಲ್ಲಿ ಬರೆದ,
ತಮ್ಮ ವಿಶ್ವಾಸಿ,
ಕಾಗದದ ಪ್ರಕಾರ ಗುಮಾಸ್ತ

ತಾ.ಕ.: ಸೋಮವಾರದಿಂದ ನನ್ನ ಜಾಗಕ್ಕೆ ನನ್ನ ತಮ್ಮ ಬರುತ್ತಾನೆ, ಮನೆಯಲ್ಲಿ ಒಲೆ ಉರಿಯಬೇಕಲ್ಲ. ಧಣಿಗಳು ಅವನನ್ನು ಮ್ಯಾನೇಜರ್ ಎಂದೇ ಬರೆಸಿದ್ದಾರೆ. ತಮಗೆ ಓದಲು ಬಾರದಿದ್ದರೆ ಮುಖ ನೋಡಿಯಾದರೂ ಗುರುತು ಹಿಡಿಯಿರಿ. ಥೇಟ್ ನನ್ನ ಹಾಗೇ ಇದ್ದಾನೆ, ಬೆರಳು ಮಾತ್ರ ಹತ್ತೂ ಇವೆ.