ರಾಜನ ಮಾತಿಗೆ ನಾನು ಹಾಕಿದ ಕತ್ತರಿ

ನಾನು ಬಾಗೂರಿನ ಮೇಷ್ಟ್ರು. ನಮ್ಮೂರಲ್ಲಿ ಪಾಳೇಗಾರರ ನಾಟಕ ಅಂದರೆ ನಾನು, ನಾನು ಅಂದರೆ ಪಾಳೇಗಾರ. ಇಪ್ಪತ್ತು ವರ್ಷದಿಂದ ರಾಜನ ಪೇಟ ಬೇರೆ ತಲೆ ಕಂಡಿಲ್ಲ.

ಗಡಿಯಲ್ಲಿ ಯುದ್ಧ ಶುರುವಾಯಿತು. ಚಿತ್ರದುರ್ಗದಲ್ಲಿ ಮದುವೆ ವಿಡಿಯೋ ತೆಗೆಯುವ ನನ್ನ ಬಾಮೈದ ಓಡಿಬಂದ. ಜನಕ್ಕೆ ದೇಶಪ್ರೇಮ ಉಕ್ಕುತ್ತಿದೆಯಂತೆ, ನಮ್ಮ ನಾಟಕವನ್ನೇ ಸಿನಿಮಾ ಮಾಡುತ್ತಾನಂತೆ. ನಾನು ಆಗಲೇ ಮೀಸೆ ತಿರುವಿದೆ.

"ಭಾವ, ನಿಮ್ ಗಂಟಲು ಸ್ಟೇಜಿಗೆ ಸರಿ, ಸಿನಿಮಾಕ್ಕೆ ಮುಖ ಬೇಕು. ರಾಜನ ಪಾರ್ಟು ಟೈಲರ್ ತಿಪ್ಪೇಸ್ವಾಮಿಗೆ ಹೇಳೀನಿ. ಮಾತು ನೀವು ಬರೀರಿ."

ಇಷ್ಟು ವರ್ಷ ನನ್ನ ಹಿಂದೆ ಈಟಿ ಹಿಡಿದು ನಿಂತ ತಿಪ್ಪೇಸ್ವಾಮಿ! ಆದರೆ ಪೆನ್ನು ನನ್ನ ಕೈಯಲ್ಲಿತ್ತಲ್ಲ. ರಾಜನ ಮಾತನ್ನೆಲ್ಲ ಕತ್ತರಿಸಿ ಎಸೆದೆ. ಶರಣಾಗು ಎಂದು ಹೇಳಲು ಬರುವ ಶತ್ರುವಿನ ದೂತನಿಗೆ ಮೂರು ಪುಟ ಬರೆದು, ಆ ಪಾರ್ಟನ್ನು ನಾನೇ ಇಟ್ಟುಕೊಂಡೆ. ರಾಜನಿಗೆ ಉಳಿದದ್ದು ಕೊನೆಯಲ್ಲಿ ಒಂದೇ ಮಾತು: "ಆಗಲ್ಲ." ರಂಗದ ಮೇಲೆ ಮಾತಿಲ್ಲದವನು ಕಂಬಕ್ಕೆ ಸಮ. ಇಪ್ಪತ್ತು ವರ್ಷದ ಅನುಭವ ಸುಳ್ಳಾದೀತೇ!

ಶೂಟಿಂಗ್ ದಿನ ಪೊಲೀಸರು ಬಂದು, ಯುದ್ಧ ಮುಗಿಯೋ ತನಕ ಡ್ರೋನ್ ಹಾರಿಸಬೇಡಿ ಅಂದರು. ಡ್ರೋನ್‌ನಿಂದಲೇ ತೆಗೆಯಬೇಕಿದ್ದ ದಂಡು, ಕುದುರೆ, ಕಾಳಗ ಎಲ್ಲ ಬಿದ್ದುಹೋಯಿತು. ಬಾಮೈದ ತಲೆ ಕೆರೆದುಕೊಂಡು, ಹಂಗಾದ್ರೆ ದೂತನ ಸೀನೇ ಸಿನಿಮಾ ಅಂದ. ನನಗೆ ಹಾಲು ಕುಡಿದಷ್ಟು ಸಂತೋಷ. ಗಂಟಲು ಹರಿಯುವಂತೆ ಮೂರು ಪುಟ ಒದರಿದೆ. ಕ್ಯಾಮೆರಾ ನನ್ನ ಬೆನ್ನ ಹಿಂದೆ ಯಾಕಿದೆ ಅಂತ ಕೇಳಲು ಪುರುಸೊತ್ತೇ ಆಗಲಿಲ್ಲ.

ಸ್ಕೂಲ್ ಗೋಡೆಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸಿದರು. ಪಂಚೆ ತುಂಬ ತಿಪ್ಪೇಸ್ವಾಮಿಯ ಮುಖ! ನಾನು ಒದರುತ್ತಲೇ ಇದ್ದೇನೆ, ಅವನು ಸುಮ್ಮನೆ ಕೇಳುತ್ತಿದ್ದಾನೆ. ಕಣ್ಣಲ್ಲಿ ನೀರು ತುಂಬುತ್ತದೆ, ದವಡೆ ಬಿಗಿಯುತ್ತದೆ. "ಆಗಲ್ಲ" ಅಂದದ್ದೇ ತಡ, ಊರಿಗೆ ಊರೇ ಎದ್ದು ನಿಂತಿತು. ಮಗನನ್ನು ಗಡಿಗೆ ಕಳಿಸಿದ ಪಕ್ಕದ ಮನೆ ಗಂಗಮ್ಮ ಹೋಗಿ ತಿಪ್ಪೇಸ್ವಾಮಿಯ ಕೈ ಹಿಡಿದು ಅತ್ತಳು. ಆ ಮಾತು ಬರೆದವನು ನಾನು ಅಂತ ಕೂಗಬೇಕೆನಿಸಿತು. ಆದರೆ ಯಾಕೆ ಬರೆದೆ ಅಂತಲೂ ಹೇಳಬೇಕಾಗುತ್ತಿತ್ತಲ್ಲ.

ಅಷ್ಟರಲ್ಲಿ ತಿಪ್ಪೇಸ್ವಾಮಿ ಬಂದು ನನ್ನ ಕಾಲು ಮುಟ್ಟಿದ. "ಮೇಷ್ಟ್ರೇ, ನಂಗೆ ಉದ್ದ ಮಾತು ನೆನಪಿರಲ್ಲ ಅಂತ ತಿಳ್ಕಂಡೇ ಒಂದೇ ಮಾತು ಬರೆದ್ರಿ. ನಿಮ್ದು ದೊಡ್ಡ ಮನಸ್ಸು."

ಪಕ್ಕದಲ್ಲಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ದಾರಿಯಲ್ಲಿ ಮೆಲ್ಲಗೆ ಕೇಳಿದಳು:

"ರೀ, ಮೂಲೇಲಿ ಒಂದು ಕಿವಿ ಕಾಣ್ತಿತ್ತಲ್ಲ, ಅದು ನಿಮ್ದೇನು?"

"ಹೂಂ. ಎಡಗಿವಿ" ಅಂದೆ.