ಆಸ್ಪತ್ರೆಯವರೆಗೆ ಹಿಮ್ಮುಖವಾಗಿ ಚಲಿಸಿದ ಇಲಾಖಾ ಕಾರು ಹಾಗೂ ಅದರ ಗೇರ್ ಎಣ್ಣೆಯ ಬಗ್ಗೆ

ಸುತ್ತೋಲೆ ಸಂಖ್ಯೆ: ಗೇ.ಎ./ಮಧು/14/62-63
ಇಲಾಖಾ ಕಚೇರಿ, ಮಧುಗಿರಿ
ದಿನಾಂಕ: 9ನೇ ಜುಲೈ 1962

ವಿಷಯ: ಕ್ಲಚ್ ಇಲ್ಲದ ಹಳೆಯ ಕಾರಿನ ಗೇರ್‌ಪೆಟ್ಟಿಗೆಗೆ ತಕ್ಕ ಎಣ್ಣೆಯನ್ನು ಆರಿಸುವ ಬಗ್ಗೆ.

ಉಲ್ಲೇಖ: (1) ಶಿರಾ ಶಾಖೆಯ ಅಭಿಪ್ರಾಯ. (2) ಪಾವಗಡ ಶಾಖೆಯ ಅಭಿಪ್ರಾಯ. (3) ಕೊರಟಗೆರೆ ಶಾಖೆಯ ಮೌನ.

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಊರು ಬಿಟ್ಟು ಹೋದ ಗಣಿ ಮಾಲೀಕರೊಬ್ಬರು ಇಲಾಖೆಗೆ ಬಿಟ್ಟುಕೊಟ್ಟ ಅಮೆರಿಕಾದ ಕಾರಿಗೆ ಕ್ಲಚ್ ಇರುವುದಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ. ಹಾಗೆ ಬದಲಾಗಲು ಗೇರ್‌ಪೆಟ್ಟಿಗೆಯೊಳಗೆ ಒಂದು ಬಗೆಯ ಕೆಂಪು ಎಣ್ಣೆ ಇರತಕ್ಕದ್ದು. ಎಲ್ಲವೂ ತಾನಾಗಿಯೇ ಆಗುವ ಕಾರಿಗೆ ಎಣ್ಣೆಯೂ ತಾನಾಗಿಯೇ ತುಂಬಿಕೊಳ್ಳುತ್ತದೆ ಎಂದು ಭಾವಿಸಿ, ಬಂದಂದಿನಿಂದ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ.

2. ಕಳೆದ ಬೇಸಿಗೆಯಲ್ಲಿ ಕಾರು ಉಬ್ಬು ಹತ್ತುವಾಗ ಗೊರಗುಟ್ಟಿ ನಿಲ್ಲತೊಡಗಿತು. ಎಣ್ಣೆ ಕಡಿಮೆಯಾಗಿದೆ ಎಂದು ಚಾಲಕ ಕರೀಮ್ ಸಾಬ್ ವರದಿ ಮಾಡಿದರು. ಇವರು ಶಿರಾದವರು, ಹಿಂದೆ ಬಸ್ಸು ಓಡಿಸುತ್ತಿದ್ದವರು, ಕ್ಲಚ್ ಇಲ್ಲದ ಕಾರಿನಲ್ಲಿ ಎಡಗಾಲನ್ನು ಎಲ್ಲಿಡಬೇಕೆಂದು ಇಂದಿಗೂ ತಿಳಿಯದವರು. ಕಾರಿನ ಕೈಪಿಡಿಯಲ್ಲಿ ಎಣ್ಣೆಯ ಹೆಸರು ‘ಟೈಪ್ ಎ, ಸಫಿಕ್ಸ್ ಎ’ ಎಂದಿತ್ತು. ಸಹಜವಾಗಿ ಕಡತವನ್ನು ಬೆರಳಚ್ಚು ವಿಭಾಗಕ್ಕೆ ಕಳುಹಿಸಲಾಯಿತು. ಬೆರಳಚ್ಚುಗಾರ್ತಿ ಕುಮಾರಿ ಸರ್ವಮಂಗಳಾ ಅವರು ಒಂದು ‘ಎ’ ಹೊಡೆದು, ಅದರ ಪಕ್ಕದಲ್ಲಿ ಇನ್ನೊಂದು ‘ಎ’ ಹೊಡೆದು, ಕಾರ್ಬನ್ ಪ್ರತಿಗಳೊಂದಿಗೆ ಅಂದೇ ಹಿಂತಿರುಗಿಸಿದರು. ಅವರ ಚುರುಕುತನವನ್ನು ಮೆಚ್ಚಲಾಗಿದೆ. ಕಾರು ಕದಲಲಿಲ್ಲ.

3. ಆ ಬಳಿಕ ಶಾಖೆಗಳ ಅಭಿಪ್ರಾಯ ಕೇಳಲಾಯಿತು. ವೈ.ಎನ್.ಹೊಸಕೋಟೆಯ ಗಾಣದ ಕಡಲೆಕಾಯಿ ಎಣ್ಣೆಗೆ ಸಮನಾದುದು ಯಾವುದೂ ಇಲ್ಲವೆಂದೂ, ಆದರೆ ಅದನ್ನು ಗೇರ್‌ಪೆಟ್ಟಿಗೆಗೆ ಸುರಿಯುವುದು ಅನ್ಯಾಯವೆಂದೂ ಪಾವಗಡ ಶಾಖೆ ತಿಳಿಸಿತು. ಎಣ್ಣೆ ಯಾವುದಾದರೂ ಆಗಬಹುದು, ಕೆಂಪಗಿದ್ದರೆ ಸಾಕು ಎಂದು ಶಿರಾ ಶಾಖೆ ತಿಳಿಸಿತು. ಕೊರಟಗೆರೆ ಶಾಖೆ ಏನನ್ನೂ ತಿಳಿಸಲಿಲ್ಲವಾದ್ದರಿಂದ ಅದು ಎರಡನ್ನೂ ಒಪ್ಪಿದೆ ಎಂದು ದಾಖಲಿಸಲಾಗಿದೆ.

4. ಕಚೇರಿ ಅಧೀಕ್ಷಕರಾದ ಶ್ರೀ ಶಂಕರಲಿಂಗಪ್ಪನವರು ಶಿರಾ ಶಾಖೆಯ ಮಾತನ್ನು ಎತ್ತಿಹಿಡಿದು, ಲಾರಿಯ ಎಂಜಿನ್ ಎಣ್ಣೆಗೆ ಬಟ್ಟೆಯ ಕೆಂಪು ಬಣ್ಣ ಕದಡಿ ಬಳಸಲು ಮಂಜೂರಾತಿ ನೀಡಿದರು. ಕರೀಮ್ ಸಾಬ್ ತಾವೇ ನಿಂತು ಕಲಸಿದರು. ಬಣ್ಣ ಹೊಂದಿಕೆಯಾದದ್ದು ಕಂಡು ಇಬ್ಬರೂ ಸಂತೋಷಪಟ್ಟರು. ಕಾರು ಓಡಿತು. ಆ ವಾರವೆಲ್ಲಾ ಓಡಿತು.

5. ಜೂನ್ ತಿಂಗಳ ಒಂದು ಬೆಳಿಗ್ಗೆ ಈ ಕೆಳಗೆ ಸಹಿ ಮಾಡಿದವರು ತನಿಖೆಗೆಂದು ಕೊರಟಗೆರೆಗೆ ಹೊರಟಿದ್ದರು. ಮಧುಗಿರಿ ಬಿಟ್ಟು ಬಹುದೂರ ಸಾಗಿದ ಮೇಲೆ ಹೆಂಗಸೊಬ್ಬಳು ರಸ್ತೆಯ ನಡುವೆ ನಿಂತು ಕಾರನ್ನು ತಡೆದಳು. ಆಕೆ ರಸ್ತೆಗೆ ಜಲ್ಲಿ ಒಡೆಯುವ ಪಟಾಲಮ್ಮ. ಗಂಡ ಅಡವಯ್ಯನ ಕಾಲ ಮೇಲೆ ಬಂಡೆ ಉರುಳಿತ್ತು. ಬಂಡೆಯನ್ನು ಜೊತೆಯವರು ಸರಿಸಿದ್ದರು, ರಕ್ತ ನಿಂತಿರಲಿಲ್ಲ, ಆಕೆ ಸೆರಗು ಹರಿದು ಬಿಗಿದಿದ್ದಳು. ಸರ್ಕಾರಿ ಕಾರಿನಲ್ಲಿ ಖಾಸಗಿ ವ್ಯಕ್ತಿಗಳನ್ನು ಕೂರಿಸಕೂಡದೆಂಬ ನಿಯಮ ಸಹಿದಾರರಿಗೆ ನೆನಪಿತ್ತು. ನೆನಪಿದ್ದೂ ಅಡವಯ್ಯನ ತಲೆಯ ಕಡೆ ಸಹಿದಾರರೇ ಹಿಡಿದು, ಹಿಂದಿನ ಸೀಟಿನಲ್ಲಿ ಮಲಗಿಸಲಾಯಿತು. ಕಾರನ್ನು ಮಧುಗಿರಿಯ ಕಡೆಗೆ ತಿರುಗಿಸಬೇಕಿತ್ತು. ಆಗಲೇ ಕಾರು ಕೈಕೊಟ್ಟಿತು. ಎಂಜಿನ್ ಭೋರ್ಗರೆಯಿತು, ಚಕ್ರ ಮುಂದಕ್ಕೆ ಉರುಳಲಿಲ್ಲ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಕರೀಮ್ ಸಾಬ್ ಗೇರಿನ ಕಡ್ಡಿಯನ್ನು ಒಂದೊಂದೇ ಗುರುತಿಗೆ ಎಳೆದು ನೋಡಿದರು. ಕೊನೆಯ ಗುರುತಿನಲ್ಲಿ ಕಾರು ಹಿಂದಕ್ಕೆ ಜಗ್ಗಿತು. ಆಗ ಅವರು ಆಡಿದ ಮಾತನ್ನು ಆಡಿದಂತೆಯೇ ದಾಖಲಿಸಲಾಗಿದೆ:

“ಮುಂದಕ್ಕೆ ಹೋಗಾಕಿಲ್ಲ ಸಾಹೇಬ್ರೇ. ಹಿಂದಕ್ಕೆ ಹೋಯ್ತದೆ. ಆಸ್ಪತ್ರೆ ಇರಾದೂ ಹಿಂದ್ಕೇ. ಬುಡ್ಲಾ?”

“ಬಿಡಿ” ಎಂದು ಮೌಖಿಕ ಆದೇಶ ಹೊರಡಿಸಲಾಯಿತು.

6. ಕರೀಮ್ ಸಾಬ್ ಕಿಟಕಿಯಿಂದ ಕತ್ತು ಹೊರಗೆ ಚಾಚಿ ಓಡಿಸಿದರು. ಸಹಿದಾರರು ಮುಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನತ್ತ ಮುಖ ಮಾಡಿ, ಎಡ ಬಲ ಹೇಳುತ್ತಾ ಬಂದರು. ಯಾರ ಎಡ, ಯಾರ ಬಲ ಎಂಬುದರ ಬಗ್ಗೆ ಮೊದಮೊದಲು ಭಿನ್ನಾಭಿಪ್ರಾಯವಿತ್ತು. ಒಮ್ಮೆ ಚರಂಡಿಯ ಅಂಚು ಮುಟ್ಟಿದ ಮೇಲೆ ಇತ್ಯರ್ಥವಾಯಿತು. ಗಾಡಿಗಳವರು ಎತ್ತುಗಳನ್ನು ಬದಿಗೆ ಎಳೆದರು. ಕೆಲವರು ಕಾರಿನ ಯಾವ ತುದಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎರಡಕ್ಕೂ ಮುಗಿದರು. ಅಡವಯ್ಯ ಮಾತು ನಿಲ್ಲಿಸಿದ್ದ. ಪಟಾಲಮ್ಮ ಅವನ ಕೆನ್ನೆ ತಟ್ಟುತ್ತಲೇ ಇದ್ದಳು. ಆ ಹೊತ್ತಿನಿಂದ ಸಹಿದಾರರು ಎಡ ಬಲದ ಜೊತೆಗೆ ‘ಬೇಗ’ ಎಂದೂ ಹೇಳತೊಡಗಿದ್ದನ್ನು ಗಮನಿಸಲಾಗಿದೆ. ಮಧುಗಿರಿಯ ಬೆಟ್ಟ ಹಿಂಗಾಜಿನಲ್ಲಿ ನಿಧಾನವಾಗಿ ದೊಡ್ಡದಾಗುತ್ತಾ ಬಂತು.

7. ಇನ್ನು ಸ್ವಲ್ಪ ತಡವಾಗಿದ್ದರೆ ಕಾಲು ಮಾತ್ರವಲ್ಲ, ಆಳೇ ದಕ್ಕುತ್ತಿರಲಿಲ್ಲವೆಂದು ಡಾಕ್ಟರು ತಿಳಿಸಿರುತ್ತಾರೆ. ಅಡವಯ್ಯ ಈಗ ಕೋಲು ಹಿಡಿದು ನಡೆಯುತ್ತಾನೆ. ಕಾರು ಹಿಮ್ಮುಖವಾಗಿ ಹೋದದ್ದಕ್ಕೆ ಆಕ್ಷೇಪಣೆ ಇದೆಯೇ ಎಂದು ಪಟಾಲಮ್ಮನನ್ನು ವಿಧಿವತ್ತಾಗಿ ಕೇಳಲಾಯಿತು. “ಸರ್ಕಾರದ ಕಾರು ಇಂಗೇ ಹೋಯ್ತದೇನೋ ಅಂದ್ಕಂಡೆ ಸ್ವಾಮಿ” ಎಂದು ಆಕೆ ಹೇಳಿಕೆ ನೀಡಿದಳು. ಈ ಹೇಳಿಕೆಯ ಬಗ್ಗೆ ಅಭಿಪ್ರಾಯ ನೀಡುವುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

8. ಬೆಂಗಳೂರಿನ ಕಾರ್ಖಾನೆಯಲ್ಲಿ ಗೇರ್‌ಪೆಟ್ಟಿಗೆ ಬಿಚ್ಚಿದಾಗ ಬಣ್ಣದ ಕೆಸರು ಹೊರಬಂದಿದೆ. ಕಾರು ದುರಸ್ತಿಯಾಗಿ ಮರಳಿದೆ, ಸರಿಯಾದ ಎಣ್ಣೆಯ ಡಬ್ಬಗಳನ್ನೂ ಅಲ್ಲಿಂದಲೇ ತರಿಸಲಾಗಿದೆ. ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

(ಅ) ಎಣ್ಣೆಯನ್ನು ಡಬ್ಬದ ಮೇಲಿನ ಬರಹ ನೋಡಿ ಆರಿಸತಕ್ಕದ್ದು. ಬಣ್ಣ ನೋಡಿ ಆರಿಸತಕ್ಕದ್ದಲ್ಲ. ಪಾವಗಡ ಶಾಖೆಯವರು ರುಚಿ ನೋಡಿ ಆರಿಸತಕ್ಕದ್ದಲ್ಲ.

(ಆ) ‘ಟೈಪ್’ ಎಂಬ ಪದವಿರುವ ಎಲ್ಲ ಕಾಗದಗಳೂ ಬೆರಳಚ್ಚು ವಿಭಾಗಕ್ಕೆ ಸೇರಿದವಲ್ಲ. ಟೈಫಾಯಿಡ್ ರಜೆಯ ಅರ್ಜಿಗಳಿಗೂ ಇದು ಅನ್ವಯಿಸುತ್ತದೆ.

(ಇ) ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಸಮತಟ್ಟಾದ ನೆಲದ ಮೇಲೆ ನೋಡತಕ್ಕದ್ದು. ಮಧುಗಿರಿ ಕಚೇರಿಯ ಅಂಗಳ ಇಳಿಜಾರಾಗಿರುವುದರಿಂದ, ಅದನ್ನು ಸಮತಟ್ಟು ಎಂದು ಆದೇಶ ಹೊರಡಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ.

(ಈ) ಉಳಿದ ಎಣ್ಣೆಯನ್ನು ತಲೆಗೆ, ಮಂಡಿನೋವಿಗೆ, ಕಚೇರಿಯ ಬಾಗಿಲಿನ ಕೀಲಿಗೆ ಹಚ್ಚತಕ್ಕದ್ದಲ್ಲ. ಈಗಾಗಲೇ ಹಚ್ಚಿಕೊಂಡಿರುವ ಅಧೀಕ್ಷಕರು ಗುಣ ಕಂಡುಬಂದಲ್ಲಿ ವರದಿ ಸಲ್ಲಿಸತಕ್ಕದ್ದು.

9. ಈ ಮಧ್ಯೆ, ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರಿ ವಾಹನವನ್ನು ಹಿಮ್ಮುಖವಾಗಿ ಓಡಿಸಿದ ಚಾಲಕನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಂದ್ರ ಕಚೇರಿಯಿಂದ ವಿವರಣೆ ಕೇಳಲಾಗಿದೆ. ಅದು ಬಂದಂದಿನಿಂದ ಕರೀಮ್ ಸಾಬ್ ಕಾರನ್ನು ಮುಟ್ಟದೆ, ಬೇವಿನ ಮರದಡಿ ದೂರ ನಿಂತು ನೋಡುತ್ತಿರುತ್ತಾರೆ. ತಪ್ಪು ತಮ್ಮದೇ ಇರಬಹುದೆಂದು ಒಮ್ಮೆ ಮೆಲ್ಲಗೆ ಹೇಳಿಯೂ ಇದ್ದಾರೆ. ಅದನ್ನು ದಾಖಲಿಸಿಲ್ಲ.

10. ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ವ್ಯಾಖ್ಯಾನಿಸಲಾಗಿದೆ: ಗಾಯಾಳು ಕಾರಿನಲ್ಲಿರುವಾಗ, ಆಸ್ಪತ್ರೆ ಯಾವ ದಿಕ್ಕಿಗಿದೆಯೋ ಆ ದಿಕ್ಕೇ ಮುಂದು. ಕಾರಿನ ಮೂತಿ ಎತ್ತ ಇದೆ ಎಂಬುದು ಪರಿಗಣನೆಗೆ ಬರುವುದಿಲ್ಲ. ಈ ವ್ಯಾಖ್ಯಾನವು ಜೂನ್ ತಿಂಗಳ ಮೊದಲ ದಿನದಿಂದ ಪೂರ್ವಾನ್ವಯವಾಗಿ ಜಾರಿಯಲ್ಲಿರುತ್ತದೆ. ಆದ್ದರಿಂದ ಕರೀಮ್ ಸಾಬ್ ಅವರು ಕಾರನ್ನು ಹಿಮ್ಮುಖವಾಗಿ ಓಡಿಸಿಯೇ ಇರುವುದಿಲ್ಲ. ವಿವರಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ನಾಳೆ ಬೆಳಿಗ್ಗೆ ಅವರು ಎಂದಿನಂತೆ ಕೆಲಸಕ್ಕೆ ಹಾಜರಾಗತಕ್ಕದ್ದು.

ಸಹಿ/-
(ನಂದೀಶ್ವರಯ್ಯ)
ಅಧಿಕಾರಿ
(ಮೊಹರಿನಲ್ಲಿ ಇಲಾಖೆಯ ಹೆಸರು ಅಳಿಸಿಹೋಗಿದೆ)

ಪ್ರತಿಗಳು:
ಕೇಂದ್ರ ಕಚೇರಿಗೆ, ಮಾಹಿತಿಗಾಗಿ, ಉತ್ತರ ನಿರೀಕ್ಷಿಸಿಲ್ಲ.
ಕೊರಟಗೆರೆ ಶಾಖೆಗೆ, ಅಂದು ನಡೆಯದೆ ಹೋದ ತನಿಖೆಯನ್ನು ತೃಪ್ತಿಕರವೆಂದು ಭಾವಿಸುವ ಸೂಚನೆಯೊಂದಿಗೆ.
ಪಟಾಲಮ್ಮ ಕೋಂ ಅಡವಯ್ಯ, ಜಲ್ಲಿ ಕೆಲಸದ ಜಾಗ. ಜವಾನರು ಗಟ್ಟಿಯಾಗಿ ಓದಿ ಹೇಳತಕ್ಕದ್ದು.
ಶ್ರೀ ಕರೀಮ್ ಸಾಬ್, ಚಾಲಕರು, ಕೈಗೇ ಕೊಡತಕ್ಕದ್ದು. ಓದಿದ ಮೇಲೆ ಊಟ ಮಾಡಿದರೇ ಎಂದು ನೋಡಿಕೊಂಡು ಬಂದು ತಿಳಿಸತಕ್ಕದ್ದು.